ಹೊಸ ಮನೆಗೆ ಮೊದಲು ಹೆಪ್ಪು

ಕಳೆದ ತಿಂಗಳು ಒಂದು ಸಂಜೆ ಏಳೂವರೆ ಹೊತ್ತಿಗೆ ನಮ್ಮ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗ ಸ್ಟೀಲ್ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಹುಡುಗ ಅಂದರೆ ಮೂವತ್ತೆಂಟು ವರ್ಷದವ, ಎಂಟು ವರ್ಷದ ಮಗನ ಅಪ್ಪ. ನನಗೆ ಎಪ್ಪತ್ತಮೂರಾದ್ದರಿಂದ ನನ್ನ ಲೆಕ್ಕಕ್ಕೆ ಹುಡುಗನೇ. "ಮಾಸ್ತರೇ, ಎದುರುಮನೆ ವೈನಿ ಹತ್ರ ಹೆಪ್ಪು ಕೇಳ್ದೆ, ಇಲ್ಲ ಅಂದ್ಬಿಟ್ರು. ನನ್ನ ಡೈವೋರ್ಸ್ ವಿಷಯ ಗೊತ್ತಾಯ್ತೋ ಏನೋ" ಅಂದ. ಮುಖ ಸಣ್ಣದಾಗಿತ್ತು. ನನಗೆ ನಗು ತಡೆಯಲಿಲ್ಲ. "ತಮಾ, ದೀಪ ಹಚ್ಚಿದ ಮೇಲೆ ಆಕೆ ಮೊಸರು, ಉಪ್ಪು ಯಾರಿಗೂ ಕೊಡೂದಿಲ್ಲ. ಡೀಸಿ ಬಂದು ಕೇಳಿದ್ರೂ ಇಲ್ಲ. ನಾಳೆ ಬೆಳಿಗ್ಗೆ ಹೋಗಿ ಕೇಳು" ಅಂದೆ. ನನಗೆ ಆ ಶಾಸ್ತ್ರವೆಲ್ಲ ಇಲ್ಲ. ಅರ್ಧ ಚಮಚ ಹಾಕಿ ಕಳಿಸಿದೆ.

ನಾನೂ 1994ರಲ್ಲಿ ಒಂದು ಟ್ರಂಕು, ಒಂದು ಚಾಪೆ, ಕೋರ್ಟಿನ ಕಾಗದ ಹಿಡಿದುಕೊಂಡು ಇದೇ ಕಾರವಾರದ ಕಾಜುಬಾಗದಲ್ಲಿ ಎರಡು ಕೋಣೆಯ ಬಾಡಿಗೆ ಮನೆಗೆ ಬಂದವನು. ಮಗಳಿಗೆ ಆಗ ಏಳು ವರ್ಷ. ಅವಳು ಶಿರಸಿಯಲ್ಲಿ ಅಮ್ಮನ ಹತ್ತಿರ. ತಿಂಗಳಿಗೆ ಎರಡು ಶನಿವಾರ-ಭಾನುವಾರ ನನ್ನ ಪಾಲಿಗೆ. ಆ ಹುಡುಗನಿಗೆ ನಾಲ್ಕು ದಿನ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಇನ್ಯಾರಿಗಾದರೂ ಬೇಕಾದೀತು.

ಹೀಗೆ ಒಬ್ಬಂಟಿಯಾದವರು ಮೊದಲು ಮಂಚ, ಟೀವಿ, ಸೋಫಾ ಎಂದು ಓಡುತ್ತಾರೆ. ನನ್ನ ಕೇಳಿದರೆ ಮೊದಲು ಬೇಕಾದದ್ದು ಹೆಪ್ಪು, ಆಮೇಲೆ ದೋಸೆಹಿಟ್ಟು. ಇವೆರಡೂ ಆಗಬೇಕಾದರೆ ಹಿಂದಿನ ರಾತ್ರಿ ಮನೆಯಲ್ಲಿ ಯಾರಾದರೂ ನಾಳೆಯ ಯೋಚನೆ ಮಾಡಿರಬೇಕು. ಪಾರ್ಸೆಲ್ ತಂದು ತಿಂದು ಮಲಗುವ ಮನೆ ಲಾಡ್ಜಿನ ಹಾಗೇ ಇರುತ್ತದೆ, ಅದು ಮಕ್ಕಳ ಮೂಗಿಗೆ ಬಾಗಿಲಲ್ಲೇ ಬಡಿಯುತ್ತದೆ. ಅರ್ಧ ಲೀಟರ್ ಹಾಲು ಚೆನ್ನಾಗಿ ಉಕ್ಕಿಸಿ, ಕಿರುಬೆರಳು ಅದ್ದಿದರೆ ಹಿತವಾಗಿ ಬೆಚ್ಚಗಿರುವಷ್ಟು ಆರಲಿ. ಒಂದು ಚಮಚ ಹೆಪ್ಪು ಹಾಕಿ ಕದಡಿ ಮುಚ್ಚಿಡಿ. ಬೇಸಿಗೆಯಲ್ಲಿ ಐದಾರು ತಾಸು ಸಾಕು. ಆಷಾಢದ ಮಳೆಯಲ್ಲಿ ಅದು ಸುಮ್ಮನೆ ಹಾಲಾಗಿಯೇ ಕೂತಿರುತ್ತದೆ. ಆಗ ಪಾತ್ರೆಗೆ ಹಳೇ ಟವೆಲ್ ಸುತ್ತಿ ಅಕ್ಕಿ ಡಬ್ಬಿಯೊಳಗೆ ಹುದುಗಿಸಿಡಿ. ಹೆಪ್ಪೇ ಸಿಗದಿದ್ದರೆ ಬೆಚ್ಚಗಿನ ಹಾಲಿಗೆ ತೊಟ್ಟು ಸಮೇತ ಎರಡು ಮೆಣಸಿನಕಾಯಿ ಹಾಕಿ. ಮೊದಲ ಸಲ ನೀರುನೀರಾಗಿ ಬರುತ್ತದೆ, ಅದನ್ನೇ ಹೆಪ್ಪು ಮಾಡಿಕೊಂಡರೆ ಎರಡನೇ ಸಲ ಗಟ್ಟಿ. ಆದರೂ ಪಕ್ಕದ ಮನೆಯಲ್ಲಿ ಕೇಳುವುದೇ ಒಳ್ಳೆಯದು. ಹೊಸ ಬೀದಿಯಲ್ಲಿ ಒಂಟಿ ಗಂಡಸಿನ ಬಗ್ಗೆ ಜನ ನೂರು ಮಾತಾಡುತ್ತಾರೆ. ಲೋಟ ಹಿಡಿದು ಬೆಳಿಗ್ಗೆ ಹೆಪ್ಪು ಕೇಳಲು ಬಂದವನ ಬಗ್ಗೆ ಸ್ವಲ್ಪ ಕಡಿಮೆ ಮಾತಾಡುತ್ತಾರೆ.

ಮೊಸರಿದ್ದರೆ ಅರ್ಧ ಅಡುಗೆ ಮುಗಿಯಿತು. ಹೂಕುಂಡದಲ್ಲಿ ಒಂದೆಲಗ ನೆಟ್ಟುಕೊಳ್ಳಿ, ಈ ಕಡೆಯ ಮಣ್ಣಿಗೆ ತಾನೇ ಹಬ್ಬುತ್ತದೆ. ಒಂದು ಹಿಡಿ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಒಂದು ಹಿಡಿ ಕಾಯಿತುರಿ ರುಬ್ಬಿ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರೆ ತಂಬುಳಿ. ಹತ್ತು ನಿಮಿಷ. ಅನ್ನ ಉಣ್ಣಲು ಬೇರೆ ಸಾರು ಬೇಡ. ಕಾಯಿ ತುರಿಯಲು ಹೆರೆಮಣೆಯನ್ನೇ ತನ್ನಿ, ಮಿಕ್ಸರ್ ಸಾಕು ಎನ್ನುವವರ ಮಾತು ಕೇಳಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಮನೆ ಹುಡುಕುವ ವಿಷಯ. ಫೆಬ್ರವರಿ-ಮಾರ್ಚಿನಲ್ಲಿ ಕಾರವಾರದ ಎಲ್ಲ ಮನೆಗಳೂ ಚಂದವೇ. ಈ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಬಣ್ಣ ನೋಡಬೇಡಿ, ಪಡುವಣ ದಿಕ್ಕಿನ ಗೋಡೆಯ ಬುಡ ನೋಡಿ. ಮೊಣಕಾಲೆತ್ತರದವರೆಗೆ ಸುಣ್ಣ ಉಬ್ಬಿ ಬಿಳಿ ಪುಡಿ ಉದುರುತ್ತಿದ್ದರೆ ಆ ಗೋಡೆ ನೀರು ಕುಡಿಯುತ್ತದೆ. ಸಮುದ್ರದ ಹತ್ತಿರದ ಮನೆಯಾದರೆ ಏಪ್ರಿಲ್-ಮೇನಲ್ಲಿ ಬಾವಿ ನೀರು ಉಪ್ಪಾಗುತ್ತದೆಯೇ ಎಂದು ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯವರನ್ನು ಕೇಳಿ. ಒಳಗೆ ಕಾಲಿಟ್ಟ ದಿನವೇ ಹೆಸ್ಕಾಂ ಮೀಟರಿನ ಅಂಕಿ ಬರೆದುಕೊಂಡು ಫೋಟೋ ತೆಗೆದಿಡಿ. ಹಿಂದಿನವರ ಬಾಕಿ ನನ್ನ ತಲೆಗೆ ಬಂದು ಒಂದು ತಿಂಗಳು ಓಡಾಡಿದ್ದೇನೆ. ಗ್ಯಾಸಿನ ರಬ್ಬರ್ ನಳಿಗೆ ಐದು ವರ್ಷದ ಆಯುಷ್ಯ, ಅದರ ಮೇಲೇ ಇಸವಿ ಅಚ್ಚಾಗಿರುತ್ತದೆ. ಹಳೆಯದಾಗಿದ್ದರೆ ಅದೇ ದಿನ ಬದಲಿಸಿ.

ಮಳೆಗಾಲಕ್ಕೆ ಇನ್ನೆರಡು ಮಾತು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ಇಲ್ಲದಿದ್ದರೆ ಬಟ್ಟೆಗೆ ಬೂಷ್ಟು ಬಂದು ಶ್ರಾವಣದ ಹೊತ್ತಿಗೆ ಅಂಗಿಯೆಲ್ಲ ಅಣಬೆ ವಾಸನೆ. ಉಪ್ಪನ್ನು ಸ್ಟೀಲ್ ಡಬ್ಬಿಯಲ್ಲಿಟ್ಟರೆ ಉಪ್ಪೂ ನೀರು, ಡಬ್ಬಿಯೂ ತುಕ್ಕು. ಅದಕ್ಕೆ ಪಿಂಗಾಣಿ ಭರಣಿಯೇ ಬೇಕು. ಬೆಂಕಿಪೆಟ್ಟಿಗೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿರಲಿ.

ಕಾಗದಪತ್ರಕ್ಕೂ ಬೂಷ್ಟು ಬರುತ್ತದೆ. ಕೋರ್ಟಿನ ಆದೇಶದ ದೃಢೀಕೃತ ಪ್ರತಿ, ಮಗುವಿನ ಜನನ ಪ್ರಮಾಣಪತ್ರದ ಝೆರಾಕ್ಸ್, ಲಸಿಕೆ ಕಾರ್ಡಿನ ಝೆರಾಕ್ಸ್, ಬಾಡಿಗೆ ಕರಾರು ಎಲ್ಲ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿ ಇರಲಿ. ಆಧಾರ್ ವಿಳಾಸ, ರೇಷನ್ ಕಾರ್ಡಿನ ಹೆಸರು, ಗ್ಯಾಸ್ ಸಂಪರ್ಕ ಬದಲಿಸುವ ಕೆಲಸ ಮುಂದೂಡಬೇಡಿ. ಶಾಲೆಗೆ ಒಮ್ಮೆ ಹೋಗಿ ಕ್ಲಾಸಿನ ಅಕ್ಕೋರ ಹತ್ತಿರ ನಿಮ್ಮ ಫೋನ್ ನಂಬರೂ ಬರೆಸಿ. ಅಲ್ಲಿ ಜಗಳದ ಕತೆ ಬೇಡ, ನಂಬರ್ ಕೊಟ್ಟು ನಮಸ್ಕಾರ ಹೇಳಿ ಬನ್ನಿ. ಕಟ್ಟೆಯ ಮೇಲೆ ಕೂತವರು "ಕಾನೂನೆಲ್ಲ ಹೆಂಗಸರ ಕಡೆ, ಮಗು ಹೋಯ್ತು ಅಂತಲೇ ತಿಳ್ಕೋ" ಎನ್ನುತ್ತಾರೆ. ನನಗೂ ಹೇಳಿದ್ದರು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆ ಹೇಳುವುದು ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕೆಂದು. ಎಲ್ಲದಕ್ಕಿಂತ ಮೇಲೆ ಮಗುವಿನ ಹಿತ ಎಂದೂ ಅದರಲ್ಲೇ ಇದೆ. ಮಿಕ್ಕದ್ದು ವಕೀಲರನ್ನು ಕೇಳಿ, ಕಟ್ಟೆಯವರನ್ನಲ್ಲ.

ಇನ್ನು ಮಗು ಬರುವ ದಿನ. ಮೊದಲ ಸಲ ಮಗಳು ಬಂದಾಗ ನಾನು ಮಾಡಿದ್ದೆಲ್ಲ ತಪ್ಪು. ಹೊಸ ಫ್ರಾಕು, ಗೊಂಬೆ, ಹೋಟೆಲಿನ ಊಟ, ಸಂಜೆ ಕಡಲ ದಂಡೆ, ಐಸ್‌ಕ್ರೀಮು. ಅವಳು ಮಂಚದ ತುದಿಯಲ್ಲಿ ಚೀಲ ತೊಡೆ ಮೇಲಿಟ್ಟುಕೊಂಡೇ ಕೂತಿದ್ದಳು, ಬಸ್ ಸ್ಟ್ಯಾಂಡಿನಲ್ಲಿ ಕೂತ ಹಾಗೆ. ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು, ಅಳಲು ಶುರುಮಾಡಿದಳು. ಏನು ಮಾಡಬೇಕೆಂದು ತಿಳಿಯದೆ ಲಾಂದ್ರ ಹಚ್ಚಿ, "ಬಾ, ಹಾಲಿಗೆ ಹೆಪ್ಪು ಹಾಕೂದು ಬಾಕಿ ಉಂಟು" ಎಂದು ಅಡುಗೆಮನೆಗೆ ಕರೆದುಕೊಂಡು ಹೋದೆ. ಅವಳೇ ಕಿರುಬೆರಳು ಅದ್ದಿ ನೋಡಿ "ಇನ್ನೂ ಸುಡ್ತದೆ" ಅಂದಳು. ಇಬ್ಬರೂ ಆರುವವರೆಗೆ ಕಾದು ಕೂತೆವು. ಚಮಚ ಅವಳ ಕೈಯಲ್ಲೇ. ಪಾತ್ರೆಯನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದವಳೂ ಅವಳೇ. ಬೆಳಿಗ್ಗೆ ನಾನು ಏಳುವ ಮೊದಲೇ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು.

ಅಂದಿನಿಂದ ಹೆರೆಮಣೆಯ ಮೇಲೆ ಕೂರುವುದು ಅವಳ ಕೆಲಸ. ಮಿಕ್ಸರಿನ ಗುಂಡಿ ಒತ್ತಲು ಮಗು ಬೇಕಾಗಿಲ್ಲ, ಕಾಯಿ ತುರಿಯಲು ಬೇಕು. ಅಂಚಿನವರೆಗೆ ತುರಿದರೆ ಬೆರಳಿಗೆ ಹಲ್ಲು ತಾಗುತ್ತದೆ, ಅರ್ಧ ಗಿಟುಕು ಸಾಕೆಂದು ಹೇಳಿ ಪಕ್ಕದಲ್ಲೇ ಕೂತಿರಿ. ಮಗುವಿನ ಟೂತ್‌ಬ್ರಷ್, ಚಪ್ಪಲಿ, ಟವೆಲ್, ಕೊಡೆ, ಎರಡು ಜೊತೆ ಬಟ್ಟೆ ನಿಮ್ಮ ಮನೆಯಲ್ಲೇ ಬೇರೆ ಇರಲಿ, ಪ್ರತಿ ಸಲ ಚೀಲ ಹೊತ್ತು ಬರುವಂತಾಗಬಾರದು. ಮಕ್ಕಳು ಬೇಗ ಬೆಳೆಯುತ್ತಾರಾದ್ದರಿಂದ ಚಪ್ಪಲಿ ಅಳತೆ ಆರು ತಿಂಗಳಿಗೊಮ್ಮೆ ನೋಡಿ. ಚಿಕ್ಕದಾದ ಚಪ್ಪಲಿ ಬಾಗಿಲಲ್ಲಿಟ್ಟರೆ ಅಪ್ಪನಿಗೆ ನೆನಪಿಲ್ಲ ಎಂದು ಅದು ಬರೆದಿಟ್ಟ ಹಾಗೆ.

ಮೀನಿನ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ನಮ್ಮದು ಮೀನು ತಿನ್ನುವ ಮನೆ, ಅವಳಮ್ಮನದು ಸಸ್ಯಾಹಾರದ ಮನೆ. ಮದುವೆಯಾಗಿದ್ದಾಗ ಅದೊಂದು ಜಗಳವೇ ಆಗಿರಲಿಲ್ಲ, ಬೇರೆಯಾದ ಮೇಲೆ ಆಯಿತು. ಮಗಳು ಒಂದು ಬಂಗಡೆ ಹುರಿದದ್ದು ತಿಂದು ಶಿರಸಿಗೆ ಹೋಗಿ ಸಂಭ್ರಮದಿಂದ ಹೇಳಿದಳು. ಮೂರನೇ ದಿನ ನನಗೊಂದು ಇನ್‌ಲ್ಯಾಂಡ್ ಲೆಟರ್ ಬಂತು. ಉತ್ತರ ಬರೆಯಲು ನಾಲ್ಕು ದಿನ ಹಲ್ಲು ಕಡಿದೆ. ಕೊನೆಗೆ "ಅವಳಿಗೆ ಹದಿನಾಲ್ಕಾಗಲಿ, ಅವಳೇ ಹೇಳಲಿ, ಅಲ್ಲಿಯವರೆಗೆ ಅವಳಿರುವ ದಿನ ಮೀನು ಮಾಡುವುದಿಲ್ಲ" ಎಂದು ಎರಡು ಸಾಲು ಬರೆದು ಹಾಕಿದೆ. ತಿಂಗಳಲ್ಲಿ ನಾಲ್ಕು ದಿನ ಮೀನಿಲ್ಲದಿದ್ದರೆ ಕಾರವಾರದವನೇನೂ ಸಾಯುವುದಿಲ್ಲ. ಹೇಗೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಒಣಮೀನಿನಲ್ಲೇ ದಿನ ದೂಡುತ್ತೇವೆ. ನಿಮ್ಮಲ್ಲಿ ಆ ತೊಡಕಿಲ್ಲದಿದ್ದರೆ ಮಗುವನ್ನು ಮೀನುಪೇಟೆಗೆ ಕರೆದೊಯ್ಯಿರಿ. ಕಿವಿರು ಕೆಂಪಗೆ, ಕಣ್ಣು ಉಬ್ಬಿ ಹೊಳೆಯುತ್ತಿದ್ದರೆ ತಾಜಾ. ಕೊಯ್ದು ಕೊಡಲು ಮಾರುವ ಹೆಂಗಸರಿಗೇ ಹೇಳಿ, ಹೊಸಬರು ಮನೆಯಲ್ಲಿ ಕೊಯ್ಯಲು ಹೋಗಿ ಅರ್ಧ ಮೀನು ಬೆಕ್ಕಿಗೆ.

ಮಗಳು ಒಮ್ಮೆ ಹಠ ಹಿಡಿದು ನನ್ನ ಮನೆಯ ಹೆಪ್ಪನ್ನು ಸಣ್ಣ ಬಾಟಲಿಯಲ್ಲಿ ಹಾಕಿಕೊಂಡು ಶಿರಸಿಗೆ ಒಯ್ದಳು. ದೇವಿಮನೆ ಘಟ್ಟದ ತಿರುವಿನಲ್ಲಿ ಮುಚ್ಚಳ ಬಿಚ್ಚಿ ಗಣಿತದ ಪುಸ್ತಕವೆಲ್ಲ ಮೊಸರಾಯಿತಂತೆ. ಘಟ್ಟ ಹತ್ತುವ ಬಸ್ಸಿನಲ್ಲಿ ಮಗುವಿನ ಚೀಲಕ್ಕೆ ದ್ರವಪದಾರ್ಥ ಯಾವುದನ್ನೂ ಹಾಕಬೇಡಿ. ವಾಂತಿಗೆ ಒಂದು ಒಣ ನೆಲ್ಲಿಕಾಯಿ, ಎರಡು ಪ್ಲಾಸ್ಟಿಕ್ ಕೊಟ್ಟೆ ಸಾಕು.

ಭಾನುವಾರ ಸಂಜೆ ಬಸ್ ಹತ್ತಿಸಿ ಬಂದ ಮೇಲಿನ ಎರಡು ತಾಸು ಕಷ್ಟದ್ದು. ಸ್ನೇಹಿತರು ಬಾಟಲಿ ಹಿಡಿದು ಬರುವುದೂ ಆಗಲೇ. ಬಾಗಿಲು ತೆಗೆಯಿರಿ, ಚಾ ಮಾಡಿ ಕುಡಿಸಿ ಕಳಿಸಿ. ಮಗು ಮಲಗಿದ್ದ ಹಾಸಿಗೆ ಆ ರಾತ್ರಿ ಹಾಗೇ ಇರಲಿ, ನಾಳೆ ಮಡಚಿದರಾಯಿತು. ಐದು ಗಂಟೆಗೆ ಮುಕ್ಕಾಲು ಲೋಟ ಅಕ್ಕಿ, ಕಾಲು ಲೋಟ ಉದ್ದು, ಎಂಟು ಕಾಳು ಮೆಂತ್ಯ ನೆನೆಹಾಕಿ. ಒಬ್ಬನಿಗೆ ಎರಡು ಹೊತ್ತಿಗೆ ಆಗುತ್ತದೆ. ಒಂಬತ್ತಕ್ಕೆ ರುಬ್ಬಿ, ಉಬ್ಬಲು ಜಾಗ ಇರುವ ಪಾತ್ರೆಗೆ ಹಾಕಿ. ಮಳೆಯಿದ್ದರೆ ಅದಕ್ಕೂ ಒಂದು ಟವೆಲ್.