ಹೇಸ್ಟಿಂಗ್ಸಿನ ಹಸಿರು ಹಬ್ಬಕ್ಕೆ ಹೋಗುವವರಿಗೆ

ಮೇ ತಿಂಗಳ ಮೊದಲ ಸೋಮವಾರ ಇಂಗ್ಲೆಂಡಿನಲ್ಲಿ ರಜೆ. ಅವತ್ತು ದಕ್ಷಿಣ ಕರಾವಳಿಯ ಹೇಸ್ಟಿಂಗ್ಸ್ ಊರಿನಲ್ಲಿ ‘ಜ್ಯಾಕ್ ಇನ್ ದ ಗ್ರೀನ್’ ಮೆರವಣಿಗೆ. ಜ್ಯಾಕ್ ಅಂದರೆ ಆಳೆತ್ತರ ಮೀರಿದ, ನೆತ್ತಿಯಿಂದ ಬುಡದವರೆಗೆ ಎಲೆ ಹೊದ್ದ ಚೌಕಟ್ಟು. ತುದಿಗೆ ಹೂವಿನ ಕಿರೀಟ. ನಮ್ಮ ಗಾರುಡಿ ಗೊಂಬೆಯ ಹಾಗೆ ಒಳಗೆ ಒಬ್ಬ ಆಳು ಹೊತ್ತು ಕುಣಿಯುತ್ತಾನೆ. ಹಿಂದೆ ಚಿಮಣಿ ಗುಡಿಸುವವರು ಕಾಸು ಕೂಡಿಸಲು ಮೇ ದಿನ ಬೀದಿ ಸುತ್ತುತ್ತಿದ್ದ ಆಚರಣೆ ಇದು. ವಿಕ್ಟೋರಿಯಾ ರಾಣಿಯ ಕೊನೆಗಾಲದ ಹೊತ್ತಿಗೆ ಇಲ್ಲಿ ನಿಂತೇ ಹೋಗಿದ್ದನ್ನು 1983ರಲ್ಲಿ ಊರಿನ ಮಾರಿಸ್ (ಇಂಗ್ಲೆಂಡಿನ ಜಾನಪದ) ಕುಣಿತದ ತಂಡ ಮತ್ತೆ ಎಬ್ಬಿಸಿತು. ರಸ್ತೆ ಬದಿ ನಿಂತು ವಿಡಿಯೋ ಹಿಡಿದು ವಾಪಸಾದರೆ ಇದರ ಅರ್ಧ ಸೊಗಸೂ ಸಿಗದು. ಹಸಿರು ತೊಟ್ಟು, ಜ್ಯಾಕ್‌ನ ಹಿಂದೆ ನಡೆದು, ಗುಡ್ಡ ಹತ್ತಬೇಕು.

ಮೊದಲು ತಲೆಗೊಂದು ಎಲೆಯ ಸಿಂಬಿ. 2 ಮಿ.ಮೀ. ತಂತಿಯನ್ನು ತಲೆಯ ಸುತ್ತಳತೆಗಿಂತ 5 ಸೆಂ.ಮೀ. ಉದ್ದ ಕತ್ತರಿಸಿ. ತುದಿಗಳನ್ನು ಒಂದರ ಮೇಲೊಂದು ಕೂರಿಸಿ ಟೇಪ್ ಸುತ್ತಿ. ಬಿಟ್ಟರೆ ಹಣೆಗೆ ಚುಚ್ಚುತ್ತದೆ. ಸುಮಾರು 15 ಸೆಂ.ಮೀ. ಉದ್ದದ ಐವಿ ಬಳ್ಳಿಯ ತುಂಡು ಹನ್ನೆರಡು-ಹದಿನೈದು ಬೇಕು. ಒಂದರ ಕಾಂಡವನ್ನು ಮುಂದಿನದರ ಎಲೆ ಮುಚ್ಚುವಂತೆ ಜೋಡಿಸುತ್ತಾ ದಾರದಿಂದ ಬಿಗಿಯಿರಿ. ಹಿಂದಿನ ದಿನ ಸಂಜೆಯೇ ಕುಯ್ದು ಎರಡು ಗಂಟೆ ನೀರಿನಲ್ಲಿ ಮುಳುಗಿಸಿಟ್ಟರೆ ಎಲೆ ಗಟ್ಟಿಯಾಗಿ ನಿಲ್ಲುತ್ತದೆ. ಬೀಚ್, ಬರ್ಚ್ ಮರಗಳ ಎಳೆಚಿಗುರು ನೋಡಲು ಚೆಂದ, ಆದರೆ ಕಡಲ ಗಾಳಿಗೆ ಬೇಗ ಜೋತುಬೀಳುತ್ತದೆ. ಐವಿಯ ರಸ ಕೆಲವರಿಗೆ ತುರಿಕೆ ತರುವುದರಿಂದ ಕೈಗವಸು ಹಾಕಿಕೊಂಡು ಕಟ್ಟಿ, ಒಳಬದಿಗೆ ರಿಬ್ಬನ್ ಸುತ್ತಿ. ಯೂ ಮರದ ಕೊಂಬೆ ಮಾತ್ರ ಮುಟ್ಟಬೇಡಿ, ಅದು ವಿಷ. ಮಕ್ಕಳು ಬಾಯಿಗೆ ಹಾಕಿಕೊಂಡಾರು.

ಮುಖಕ್ಕೆ ನೀರಿನಲ್ಲಿ ಕರಗುವ ಮುಖದ ಬಣ್ಣವೇ ಬೇಕು. ಅಕ್ರಿಲಿಕ್ ಬಳಿದರೆ ಒಣಗಿ ಚರ್ಮ ಎಳೆಯುತ್ತದೆ, ತೆಗೆಯುವಾಗ ಉರಿ. ನೀವು ಬಳಿಯದಿದ್ದರೂ ಬಣ್ಣ ತಪ್ಪಿದ್ದಲ್ಲ: ಜ್ಯಾಕ್‌ನ ಕಾವಲಿಗೆ ಹಸಿರು ಚಿಂದಿ ತೊಟ್ಟ ‘ಬೋಗಿ’ಗಳಿರುತ್ತಾರೆ, ಸಿಕ್ಕವರ ಮೂಗಿಗೆ ಹಸಿರು ಸವರುವುದು ಅವರ ಕೆಲಸ. ಮುಖ ಮುಂದೆ ಚಾಚಿ. ಅದು ಹಬ್ಬದ ಸ್ವಾಗತ. ಬಿಳಿ ಅಂಗಿ, ರೇಷ್ಮೆ ಸೀರೆ ಮನೆಯಲ್ಲೇ ಇರಲಿ.

ಕಾರು ಬೇಡ. ಅದೇ ದಿನ ಸಾವಿರಾರು ಮೋಟಾರ್‌ಸೈಕಲ್‌ಗಳು ಇದೇ ಊರಿಗೆ ಬಂದು ಕಡಲಂಚಿನ ರಸ್ತೆಯುದ್ದಕ್ಕೂ ನಿಲ್ಲುತ್ತವೆ. ಲಂಡನ್ನಿನ ಚೇರಿಂಗ್ ಕ್ರಾಸ್‌ನಿಂದ ರೈಲಿನಲ್ಲಿ ಒಂದೂಮುಕ್ಕಾಲು ಗಂಟೆಯ ಆಸುಪಾಸು. ರಜೆಯ ದಿನಗಳಲ್ಲಿ ಹಳಿ ದುರಸ್ತಿಯಿಂದ ರೈಲಿನ ಬದಲು ಬಸ್ ಓಡಿಸುವುದುಂಟು, ಹಿಂದಿನ ರಾತ್ರಿ ನೋಡಿಕೊಳ್ಳಿ. ಸ್ಟೇಷನ್ನಿನಿಂದ ಕಡಲಿಗಿಳಿದು ಎಡಕ್ಕೆ ನಡೆದರೆ ಇಪ್ಪತ್ತು ನಿಮಿಷಕ್ಕೆ ಮೆರವಣಿಗೆ ನಡೆಯುವ ಹಳೆಯ ಭಾಗ, ಓಲ್ಡ್ ಟೌನ್.

ಜ್ಯಾಕ್ ಹೊರಬರುವುದು ಬೆಳಿಗ್ಗೆ, ರಾಕ್-ಎ-ನೋರ್ ರಸ್ತೆಯ ಮೀನುಗಾರರ ಮ್ಯೂಸಿಯಮ್ಮಿನಿಂದ. ಹೊರಡುವ ಹೊತ್ತನ್ನು ಆ ವರ್ಷದ ಪಟ್ಟಿಯಲ್ಲೇ ಖಚಿತ ಮಾಡಿಕೊಂಡು ಒಂದು ಗಂಟೆ ಮುಂಚೆ ಹೋಗಿ. ಮಕ್ಕಳಿದ್ದರೆ ಆಲ್ ಸೇಂಟ್ಸ್ ಬೀದಿ ಒಳ್ಳೆಯದು. ಅಲ್ಲಿನ ಕಾಲುದಾರಿ ರಸ್ತೆಗಿಂತ ಎತ್ತರದಲ್ಲಿರುವುದರಿಂದ ಮುಂದಿನವರ ತಲೆ ಅಡ್ಡ ಬರುವುದಿಲ್ಲ. ಡೋಲಿನ ಸದ್ದು ಇಕ್ಕಟ್ಟಿನ ಗೋಡೆಗಳ ನಡುವೆ ಎದೆಗೇ ಬಡಿಯುತ್ತದೆ, ಕೂಸುಗಳ ಕಿವಿಗೆ ಮಫ್ ಹಾಕಿ. ಹಬ್ಬದ ನಿಧಿ ಡಬ್ಬಿಗೆ ಹಾಕಲು ಚಿಲ್ಲರೆ ಇಟ್ಟುಕೊಳ್ಳಿ.

ನಡುವೆ ಬಿಡುವು ಸಿಕ್ಕಾಗ ಮ್ಯೂಸಿಯಮ್ಮಿನ ಬಳಿ ಮೀನುಗಾರರ ಕರಿ ಬಣ್ಣದ ಎತ್ತರದ ಮರದ ಗೂಡುಗಳನ್ನು ನೋಡಿ. ಸೆಣಬು, ಹತ್ತಿಯ ಬಲೆ ಒದ್ದೆಯಿದ್ದರೆ ಕೊಳೆಯುತ್ತಿತ್ತು, ಒಣಗಿಸಿ ಇಡಲು ಕಟ್ಟಿದವು. ದಡದಲ್ಲಿ ಜಾಗ ಸಾಲದೆ ಮೇಲಕ್ಕೆ ಬೆಳೆದವು. ಇಲ್ಲಿ ಬಂದರಿಲ್ಲ, ದೋಣಿಗಳನ್ನು ಇಂದಿಗೂ ಕಲ್ಲುದಡದಿಂದಲೇ ನೀರಿಗೆ ನೂಕಿ, ಮರಳಿ ಎಳೆದು ತರುತ್ತಾರೆ. ದೋಣಿ, ಎಳೆಯುವ ಹಗ್ಗಗಳಿಂದ ದೂರವಿರಿ.

ಸಸ್ಯಾಹಾರಿಗಳು ಚಿಪ್ಸ್ ಕೊಳ್ಳುವ ಮುಂಚೆ ಯಾವುದರಲ್ಲಿ ಕರಿದದ್ದೆಂದು ಕೇಳಲೇಬೇಕು. ಕೆಲವು ಅಂಗಡಿಗಳು ದನದ ಕೊಬ್ಬು ಬಳಸುತ್ತವೆ. ಎಣ್ಣೆಯಾದರೂ ಮೀನು ಕರಿದ ಬಾಣಲೆಯೇ ಇರಬಹುದು. ತಿನ್ನುವಾಗ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಕಡಲಹಕ್ಕಿ ಹಿಂದಿನಿಂದ ಎರಗಿ ಕಿತ್ತುಕೊಳ್ಳುತ್ತದೆ. ಮೇ ತಿಂಗಳಲ್ಲಿ ನೀರು ಕೊರೆಯುವಷ್ಟು ತಣ್ಣಗಿರುತ್ತದೆ, ಏಕಾಏಕಿ ಧುಮುಕಿದರೆ ಉಸಿರು ಕಟ್ಟುತ್ತದೆ. ಪಾದ ನೆನೆಸಿದರೆ ಸಾಕು. ಊರಿನ ಪೂರ್ವದ ಬಂಡೆಗಳ ಬುಡಕ್ಕಂತೂ ಹೋಗಬೇಡಿ. ಕಲ್ಲು ಉರುಳುತ್ತದೆ, ಉಬ್ಬರ ಬಂದರೆ ದಾರಿ ಮುಚ್ಚುತ್ತದೆ.

ಮಧ್ಯಾಹ್ನ ಮೆರವಣಿಗೆ ಮುಗಿಯುವ ವೆಸ್ಟ್ ಹಿಲ್ ಗುಡ್ಡ ಹತ್ತಿ. ಹಳಿಯ ಮೇಲೆ ಗುಡ್ಡ ಏರುವ ಲಿಫ್ಟಿಗೆ ಉದ್ದದ ಸಾಲಿರುತ್ತದೆ, ಮಂಡಿ ಗಟ್ಟಿಯಿದ್ದರೆ ಮೆಟ್ಟಿಲೇ ಬೇಗ. ಮೇಲೆ ಗಾಳಿ ಜೋರು, ಜಾಕೆಟ್ ಇರಲಿ. ಕುಣಿತ, ಹಾಡುಗಳೆಲ್ಲ ಮುಗಿದ ಮೇಲೆ ಕೊನೆಗೆ ಜ್ಯಾಕ್‌ನನ್ನು ‘ಕೊಲ್ಲುತ್ತಾರೆ’. ಅವನು ಬಿದ್ದರೆ ಬೇಸಿಗೆಯ ಚೇತನ ಬಿಡುಗಡೆಯಾಯಿತೆಂದು ಅರ್ಥ. ಎಷ್ಟೋ ಮಂದಿ ಇದಕ್ಕೆ ಮುಂಚೆಯೇ ಇಳಿದುಬಿಡುತ್ತಾರೆ, ನೀವು ಇರಿ. ಅವನ ಮೈಯ ಎಲೆಗಳನ್ನು ಜನ ಅದೃಷ್ಟವೆಂದು ಒಯ್ಯುತ್ತಾರೆ. ಒಂದು ಸಿಕ್ಕರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ. ಮಡಚಿದ ಪೇಪರಿನ ನಡುವೆ ಚಪ್ಪಟೆಯಾಗಿ ಇಟ್ಟುಕೊಳ್ಳಿ.