ಮೊದಲ ಕಡ್ಡಿಪೆಟ್ಟಿಗಿ, ಆಮ್ಯಾಲ ಟಾಯರ್

ನಮ್ಮ ಮನಿ ಟೀವಿ ಬಾಜೂಕ ಒಂದು ಕಡ್ಡಿಪೆಟ್ಟಿಗಿ ಐತಿ. ಅದರಾಗ ಕಡ್ಡಿ ಇಲ್ಲ. ಒಂದ ಮಳಿಗಾಲದಾಗ ನನ್ನ ಸೈಕಲ್ ಟಾಯರಿನಿಂದ ಕಿತ್ತು ತೆಗೆದ ಸಾಮಾನು ಐತಿ. ಕೂದಲಿನಂಥ ತಂತಿ 6, ನೆಗ್ಗಿಲ ಮುಳ್ಳು 3, ಹಸರ ಗಾಜಿನ ಚೂರು 1. ಹನ್ನೊಂದನೇ ಪಂಚರಿಗೆ ಸಾಕ್ಷಿ ಇಲ್ಲ, ಅದರ ಕತಿ ಮುಂದ ಐತಿ. ಯಾರರ ‘ಪಂಚರ್ ಆಗಲಾರದ ಟಾಯರ್ ಯಾವುದ್ರಿ ಸರ’ ಅಂತ ಕೇಳಿದ್ರ ನಾನು ಮೊದಲಿಗೇ ಕಂಪನಿ ಹೆಸರು ಹೇಳೂದಿಲ್ಲ, ಈ ಪೆಟ್ಟಿಗಿ ತೆಗೆದು ತೋರಸ್ತೀನಿ.

ನಾನು ಧಾರವಾಡ ಸಪ್ತಾಪುರದಾಂವ, ಕೆಲಸ ಹುಬ್ಬಳ್ಳಿ ವಿದ್ಯಾನಗರದಾಗ. ರಸ್ತೆ ನಡುವ ‘ಚಿಗರಿ’ ಅನ್ನೂ ಬಿಆರ್‌ಟಿಎಸ್ ಬಸ್ಸಿಗಂತನ ಇಟ್ಟ ದಾರಿ. ಉಳದ ಗಾಡಿ ಎಲ್ಲಾ ಅದರ ಆಚೀಚೆ. ನಾವು ಸೈಕಲ್ಲಿನವರು ಎಡಕ್ಕ ಒತ್ತಿಕೊಂಡು ಹೋಗಬೇಕು, ದೊಡ್ಡ ಗಾಲಿಗಳು ಸಿಡಿಸಿದ ಕಸಾನೂ ಅಲ್ಲೇ ಬಂದು ಕೂಡತೈತಿ. ಆ ಸಣ್ಣ ತಂತಿ ಬಹಳಷ್ಟು ಲಾರಿ ಟಾಯರಿನವು. ರೇಡಿಯಲ್ ಟಾಯರ್ ಹರಿದ್ರ ಒಳಗಿನ ಉಕ್ಕಿನ ಎಳಿ ರಸ್ತೆ ತುಂಬ ಉದರತಾವ. ಮಳಿ ಬಂದಾಗ ಕಾಟ ಇನ್ನೂ ಹೆಚ್ಚು: ನೀರು ಕಸ ಹರಿಸಿಕೊಂಡು ಬರತೈತಿ, ತೊಯ್ದ ರಬ್ಬರಿನಾಗ ಗಾಜು ಸರಾಗ ಒಳಗ ಇಳೀತೈತಿ. ರವಿವಾರ ಪ್ರಾಕ್ಟೀಸಿಗೆ ಕೆಲಗೇರಿ ದಾಟಿ ಅಳ್ನಾವರ ಕಡೆ ಹೋದ್ರ ನನಗ ಇಷ್ಟು ತ್ರಾಸ ಆಗಿಲ್ಲ. ಅಣ್ಣಿಗೇರಿ ಕಡೆ ಹೋದ್ರ ಬ್ಯಾರೇನ ಲೆಕ್ಕ: ಎರಿ ಹೊಲದ ಬದುವಿನ ನೆಗ್ಗಿಲು, ಬೇಲಿಗಂತ ಟ್ರ್ಯಾಕ್ಟರಿನಾಗ ಹೇರಿಕೊಂಡು ಹೋಗುವಾಗ ಬಿದ್ದ ಜಾಲಿ ಮುಳ್ಳು.

ಸಾಕ್ಷಿ ಹುಡುಕೂದು ನನಗ ಕಲಿಸಿದಾಂವ ನವಲೂರ ಹತ್ರದ ಪಂಚರ್ ಅಂಗಡಿ ಚಾಚಾ. ಒಂದ ವಾರದಾಗ ಮೂರನೇ ಸಲ ಹೋದಾಗ ಅಂದಾ: “ಸಾಹೇಬ್ರ, ಟ್ಯೂಬ್ ಬಿಡ್ರಿ, ಟಾಯರ್ ನೋಡ್ರಿ.” ಟ್ಯೂಬ್ ತೆಗಿಯೂ ಮೊದಲ ಅದರ ವಾಲ್ವ್ ಟಾಯರಿನ ಯಾವ ಅಕ್ಷರದ ಎದುರಿಗೆ ಐತಿ ಅಂತ ಗುರ್ತ ಇಟ್ಟುಕೊಳ್ರಿ. ಟ್ಯೂಬಿನಾಗ ತೂತು ಸಿಕ್ಕ ಮ್ಯಾಲ ವಾಲ್ವಿನಿಂದ ಅಷ್ಟ ದೂರ ಟಾಯರಿನಾಗ ಹುಡುಕಿದ್ರ ಕಳ್ಳ ಅಲ್ಲೇ ಕೂತಿರತಾನ. ಬೆರಳು ಆಡಿಸಬ್ಯಾಡ್ರಿ, ರಕ್ತ ಬರತೈತಿ. ಚಾಚಾ ಹತ್ತಿ ಉಂಡಿ ಆಡಸ್ತಾನ, ತಂತಿ ಇದ್ದಲ್ಲಿ ಎಳಿ ಸಿಕ್ಕೊಳ್ತೈತಿ. ನಾನು ಹಳೇ ಕಾಲುಚೀಲ ಇಟ್ಟೀನಿ.

ಇನ್ನ ಟಾಯರ್. ‘ಪಂಚರ್ ಪ್ರೊಟೆಕ್ಷನ್’ ಅಂತ ಬರೆದಿದ್ದೆಲ್ಲಾ ಒಂದ ಥರದ್ದಲ್ಲ. ಒಂದು ಜಾತಿಯೊಳಗ ರಬ್ಬರ್ ಕೆಳಗ ಗಟ್ಟಿ ನೂಲಿನ ಪಟ್ಟಿ ಇರತೈತಿ. ಕೆವ್ಲಾರ್, ವೆಕ್ಟ್ರಾನ್ ಅಂತ ಹೆಸರು. ಇದು ಗಾಜಿನ ಕೊಯ್ತಕ್ಕ ಚಲೋ, ಆದ್ರ ಸಣ್ಣ ತಂತಿ ನೂಲಿನ ಸಂದಿ ಹುಡುಕಿ ದಾಟಬಹುದು. ಇನ್ನೊಂದು ಜಾತಿಯೊಳಗ ದಪ್ಪ ರಬ್ಬರಿನ ಹಾಸಿಗಿನ ಇರತೈತಿ. ಶ್ವಾಲ್ಬೆ ಮ್ಯಾರಥಾನ್ ಪ್ಲಸ್ಸಿನಾಗ ಅದು 5 ಮಿ.ಮೀ. ದಪ್ಪ. ಮುಳ್ಳಿಗೂ ತಂತಿಗೂ ದಪ್ಪಾನ ಮದ್ದು: ಸಾಮಾನು ಟ್ಯೂಬ್ ಮುಟ್ಟೂದ್ರಾಗ ಅದರ ಉದ್ದ ಮುಗೀಬೇಕು. ಅದಕ್ಕ ದಂಡಾನೂ ಐತಿ. ಭಾರ, ಬಿರುಸು, ಮತ್ತ ರಿಮ್ಮಿಗೆ ಏರಿಸುವಾಗ ಹೆಬ್ಬೆರಳು ಬಾತುಕೊಳ್ತಾವ. ಟಾಯರಿನ ಅಂಚನ್ನ ಸುತ್ತೆಲ್ಲಾ ರಿಮ್ಮಿನ ನಟ್ಟನಡುವಿನ ತಗ್ಗಿಗೆ ದೂಡಿ, ಸಬಕಾರದ ನೀರು ಹಚ್ಚಿ, ವಾಲ್ವ್ ಇದ್ದ ಕಡೆ ಕಡೀಕ ಏರಿಸ್ರಿ, ಹಗುರ ಆಗತೈತಿ.

ನಡುವಿನ ದಾರಿ ಅಂದ್ರ ಕಾಂಟಿನೆಂಟಲ್ ಗೇಟರ್‌ಸ್ಕಿನ್ ಥರದ್ದು; ಬದಿಗೂ ರಕ್ಷಣೆ ಇರತೈತಿ, ರೋಡ್ ಸೈಕಲ್ಲಿಗೆ ವಿಪರೀತ ಭಾರ ಅನಸೂದಿಲ್ಲ. ಅದರ ಮ್ಯಾಲ ‘3/180 ಟಿಪಿಐ’ ಅಂತ ಬರೆದಿರತೈತಿ. ಟಿಪಿಐ ಅಂದ್ರ ಟಾಯರಿನ ಬಟ್ಟ್ಯಾಗ ಇಂಚಿಗೆ ಎಷ್ಟು ಎಳಿ ಅನ್ನೂ ಲೆಕ್ಕ. ಅದು 60 ಎಳಿ ನೇಯ್ಗಿಯ ಮೂರು ಪದರ ಕೂಡಿಸಿದ ಲೆಕ್ಕ, 180 ಎಳಿಯ ನಯವಾದ ಬಟ್ಟಿ ಅಲ್ಲ. ನಂಬರ್ ನೋಡಿ ಹಿಗ್ಗಬ್ಯಾಡ್ರಿ.

ಹನ್ನೊಂದನೇ ಪಂಚರ್ ಈಗ. ಟ್ಯೂಬಿನಾಗ ಬಾಜೂಬಾಜೂಕ ಎರಡು ತೂತು, ಹಾವು ಕಚ್ಚಿದಂಗ. ಟಾಯರಿನಾಗ ಏನೂ ಇಲ್ಲ. ಹವಾ ಕಡಿಮಿ ಇತ್ತು, ಸತ್ತೂರ ಹತ್ರ ತಗ್ಗಿನಾಗ ಇಳಿದಾಗ ಟ್ಯೂಬ್ ರಿಮ್ಮಿಗೂ ರಸ್ತೆಗೂ ನಡುವ ಸಿಕ್ಕು ಹರೀತು. ಇದಕ್ಕ ಯಾವ ಪಟ್ಟಿನೂ ಕೆಲಸಕ್ಕ ಬರೂದಿಲ್ಲ, ಅಗಲಾದ ಟಾಯರ್ ಮತ್ತ ಹವಾ ಬೇಕು. ನಾನು 23 ಮಿ.ಮೀ. ಅಗಲದ ಟಾಯರಿನಿಂದ 28ಕ್ಕ ಹೋದೆ. ನೀವು ತಗೊಳ್ಳೂ ಮೊದಲ ಬ್ರೇಕಿನ ಕೆಳಗ, ಫೋರ್ಕಿನಾಗ ಸಂದಿ ಎಷ್ಟೈತಿ ನೋಡ್ರಿ. ಹಳೇ ರೋಡ್ ಸೈಕಲ್ಲಿಗೆ 25ರ ಮ್ಯಾಲ ಹಿಡಿಯಲಾರದ ಇರಬಹುದು. ಟಾಯರ್ ಬದೀಗೆ 28-622 ಅಂತ ಇದ್ರ 28 ಅಗಲ, 622 ರಿಮ್ಮಿನ ಅಳತಿ. ನಾನು 72 ಕಿಲೋ. ಹವಾ ಮುಂದ 70, ಹಿಂದ 80 ಪಿಎಸ್‌ಐ ಹಾಕ್ತೀನಿ, ಸೋಮವಾರಕ್ಕೊಮ್ಮೆ ತಪ್ಪದ.

ನನ್ನ ಪೆಟ್ಟಿಗ್ಯಾಗ ತಂತಿ, ಮುಳ್ಳ ಹೆಚ್ಚು. ಹಂಗಾಗಿ ಆಫೀಸಿನ ದಿನ ಹಿಂದಿನ ಗಾಲಿಗೆ ದಪ್ಪನ್ನ ಮ್ಯಾರಥಾನ್ ಪ್ಲಸ್, ಮುಂದ ಗೇಟರ್‌ಸ್ಕಿನ್. ಹಿಂದ ಮೈಭಾರ ಹೆಚ್ಚು, ಹನ್ನೊಂದರಾಗ ಎಂಟು ಪಂಚರ್ ಅಲ್ಲೇ ಆಗಿದ್ವು. ರವಿವಾರಕ್ಕ ಬ್ಯಾರೆ ಗಾಲಿ ಜೋಡಿ ಐತಿ, ಹಗುರ ಟಾಯರಿಂದು. ನಮ್ಮನಿಯಾಕಿ ‘ಸೈಕಲ್ ಒಂದ, ಗಾಲಿ ನಾಕು’ ಅಂತ ನಗತಾಳ. ಒಂದ ಜೋಡಿ ಸಾಕು ಅನ್ನವರು ಕಾಂಟಿನೆಂಟಲ್ಲಿನ ಗ್ರ್ಯಾಂಡ್ ಪ್ರೀ ಫೋರ್ ಸೀಸನ್ ಟಾಯರ್ ನೋಡ್ರಿ, ವೆಕ್ಟ್ರಾನ್ ಎರಡು ಪದರ ಐತಿ. ಟ್ಯೂಬ್ ಇಲ್ಲದ (ಟ್ಯೂಬ್‌ಲೆಸ್) ಟಾಯರಿನೊಳಗ ಹಾಕೂ ಸೀಲಂಟ್ ಅನ್ನೂ ದ್ರವ ಸಣ್ಣ ತೂತು ತಾನ ಮುಚ್ಚತೈತಿ ಖರೆ, ಆದ್ರ ನಮ್ಮ ಬ್ಯಾಸಗಿಗೆ ಜಲ್ದಿ ಒಣಗತೈತಿ. ಅದನ್ನ ನೆನಪಿಟ್ಟು ಹಾಕೂದು ನನ್ನ ಕೈಲೆ ಆಗೂದಿಲ್ಲ.

ಟಾಯರ್ ಎಂಥಾದ್ದ ಹಾಕ್ರಿ, ಚೀಲದಾಗ ಒಂದು ಟ್ಯೂಬ್, ಎರಡು ಲಿವರ್, ಮತ್ತ ಹಿತ್ತಾಳಿ ಅಡಾಪ್ಟರ್ ಇರಲಿ. ನಮ್ಮ ಸೈಕಲ್ಲಿನ ತೆಳ್ಳನ್ನ ಪ್ರೆಸ್ಟಾ ವಾಲ್ವಿಗೆ ಚಾಚಾನ ಪಂಪ್ ಕೂಡೂದಿಲ್ಲ. ಮೊದಲನೇ ಸಲ ಅದನ್ನ ನೋಡಿ, “ಇದರ ಟೊಪ್ಪಿಗಿ ಎಲ್ಲಿ ಕಳೀತ್ರಿ?” ಅಂತ ಕೇಳಿದ್ದ.