ಏಳು ಬಾವಿಹಗ್ಗ, ಒಂದು ಮನೆಯ ಗದ್ದೆ

ಕಾಸರಗೋಡಿನ ಪೈವಳಿಕೆ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು 7ನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಪರಿಸರದ ಹೆಜ್ಜೆಗುರುತು, ಅಂದರೆ ಇಕಾಲಾಜಿಕಲ್ ಫುಟ್‌ಪ್ರಿಂಟ್, ಪಾಠವನ್ನು ಮೊದಲ ವರ್ಷ ಕಂಪ್ಯೂಟರ್ ಕೋಣೆಯಲ್ಲೇ ಮಾಡಿ ಮುಗಿಸಿದ್ದೆ. ನಾವು ಬಳಸುವುದನ್ನೆಲ್ಲ ಕೊಡಲು ಎಷ್ಟು ನೆಲ, ಕಡಲು ಬೇಕು ಎಂಬ ಲೆಕ್ಕ ಅದು. ಹಾಗೆ ಮಾಡಿದ್ದು ತಪ್ಪಾಯಿತು. ವರ್ಷಕ್ಕೆ ಎಷ್ಟು ಗಂಟೆ ವಿಮಾನದಲ್ಲಿ ಹೋಗುತ್ತೀರಿ ಎಂಬಂಥ ಪ್ರಶ್ನೆಗಳಿಗೆ ಮಕ್ಕಳು ಅಂದಾಜಿಗೆ ಏನೋ ಒತ್ತಿದರು. ಕೊನೆಗೆ, ಎಲ್ಲರೂ ನಿಮ್ಮ ಹಾಗೆ ಬದುಕಿದರೆ ಎರಡು ಭೂಮಿ ಬೇಕು ಅಂತ ಉತ್ತರ ಬಂತು. ಮನೆಯಲ್ಲಿ ಫ್ರಿಜ್ಜೂ ಇಲ್ಲದ ಹುಡುಗಿಯೊಬ್ಬಳು, "ಟೀಚರ್, ನಾನೇನು ಮಾಡಿದೆ?" ಅಂತ ಕೇಳಿದಳು. ಅವಳ ಮುಖ ತುಂಬಾ ದಿನ ಕಣ್ಣ ಮುಂದೆಯೇ ಇತ್ತು.

ಮರುವರ್ಷ ಓಣಂ ರಜೆ ಮುಗಿದ ಮೇಲೆ 26 ಮಕ್ಕಳನ್ನು ಕರೆದುಕೊಂಡು ಶಾಲೆಯ ಹಿಂದಿನ 'ಪದವು' ಎಂಬ, ಗುಡ್ಡದ ಮೇಲಿನ ಬಂಡೆ ಬಯಲಿಗೆ ನಡೆದೆ. ಬಸ್ಸು ಬೇಡ ಅಂತ ಮಕ್ಕಳೇ ಹೇಳಿದ್ದರು. ಎಲ್ಲರ ಮನೆಯಿಂದ ಸೇರಿಸಿ ಏಳು ಬಾವಿಹಗ್ಗ ತರಿಸಿದ್ದೆ. ನಮ್ಮ ಕಡೆ ಬಾವಿ ಆಳ, ಹಗ್ಗವೂ ಉದ್ದ.

ಮಳೆ ಕಡಿಮೆಯಾಗುವ ಹೊತ್ತಿಗೆ ಮುರಕಲ್ಲಿನ (ಜಂಬಿಟ್ಟಿಗೆಯ) ಈ ಪದವು ನೋಡಬೇಕು. ಬೇಸಿಗೆಯಲ್ಲಿ ಕಾಲು ಸುಡುವ ಬಂಡೆಯ ಮೇಲೆ ಆಗ ನೀಲಿ ಹೂವಿನ ಹಾಸು. ಮಲಯಾಳ ಮಾತಾಡುವ ಮಕ್ಕಳು "ಕಾಕ್ಕಪೂವು!" ಅಂತ ಓಡಿದರು. ಓಣಂನ ಹೂವಿನ ರಂಗೋಲಿಗೆ ಇಡುವ ಹೂವು ಅದು. ಆದರೆ ಅದು ಹುಳ ತಿನ್ನುವ ಗಿಡ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಒಂದೇ ಒಂದು ಗಿಡ ಎತ್ತಿ ಭೂತಗನ್ನಡಿಯಲ್ಲಿ ಬುಡ ತೋರಿಸಿದೆ. ಅಲ್ಲಿ ಸಣ್ಣ ಸಣ್ಣ ಚೀಲಗಳಿವೆ. ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ಸಾರ ಸಾಲದು, ಅದಕ್ಕೇ ನೀರಿನಲ್ಲಿರುವ ಪುಟ್ಟ ಜೀವಿಗಳನ್ನು ಹಿಡಿಯುತ್ತದೆ. ಅರ್ಧ ಗಂಟೆ ಅಲ್ಲೇ ಕಳೆಯಿತು. ಕಳೆಯಲಿ ಅಂತ ಬಿಟ್ಟೆ.

ಆಮೇಲೆ ಲೆಕ್ಕಕ್ಕೆ ಕೂತೆವು. ಒಂದು ಮನೆಗೆ ದಿನಕ್ಕೆ 1 ಕಿಲೋ ಕುಚ್ಚಲಕ್ಕಿ ಅಂದರೆ ವರ್ಷಕ್ಕೆ 365 ಕಿಲೋ. ಹೆಕ್ಟೇರಿಗೆ 3 ಟನ್ ಅಕ್ಕಿ ಅಂತ ಹಿಡಿದರೆ ಸುಮಾರು 1,200 ಚದರ ಮೀಟರ್ ಗದ್ದೆ ಬೇಕು. ನಮ್ಮ ಊರಿನ ಲೆಕ್ಕದಲ್ಲಿ 30 ಸೆಂಟ್ (ನೂರು ಸೆಂಟ್ ಅಂದರೆ ಒಂದು ಎಕರೆ). ಹಗ್ಗಗಳನ್ನು ಗಂಟು ಹಾಕಿ, ಬದಿಗೆ 35 ಮೀಟರಿನಂತೆ ಚೌಕ ಎಳೆದೆವು. ಐದು ಮಕ್ಕಳು ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಮಕ್ಕಳಾಗಿ ನಡುವೆ ನಿಂತರು. ಅಷ್ಟು ದೊಡ್ಡ ಚೌಕ ನೋಡಿ ಎಲ್ಲರೂ ಒಂದು ಗಳಿಗೆ ಸುಮ್ಮನಾದರು.

"ಟೀಚರ್, ನಮಗೆ ಗದ್ದೆಯೇ ಇಲ್ಲ. ಹಾಗಾದರೆ ನಮ್ಮ ಈ ಚೌಕ ಎಲ್ಲಿದೆ?" ಒಬ್ಬ ಕೇಳಿದ.

ನನಗೆ ಇಡೀ ಪಾಠ ಅಲ್ಲೇ ಸಿಕ್ಕಿತು. ಪದವಿನ ಕೆಳಗೆ ಕಾಣುವ ಅಡಿಕೆ ತೋಟಗಳಲ್ಲಿ ಹಲವು ಹಿಂದೆ ಗದ್ದೆಗಳೇ ಆಗಿದ್ದವು. ಈಗ ಅಕ್ಕಿ ಹೊರಗಿನಿಂದ ಲಾರಿಯಲ್ಲಿ ಬರುತ್ತದೆ. ಯಾರದೋ ಊರಿನ ಮಣ್ಣು, ನೀರು ನಮ್ಮ ತಟ್ಟೆಗೆ ಬರುತ್ತಿದೆ ಅಲ್ವಾ? 1990ರ ದಶಕದ ಆರಂಭದಲ್ಲಿ ಕೆನಡಾದಲ್ಲಿ ವಿಲಿಯಂ ರೀಸ್ ಮತ್ತು ಮಥಿಸ್ ವಾಕರ್ನಾಗೆಲ್ ಈ ಅಳತೆಯನ್ನು ರೂಪಿಸಿದ್ದು ಇಂಥದ್ದೇ ಪ್ರಶ್ನೆಗೆ: ಒಂದು ಊರಿಗೆ ಬೇಕಾದದ್ದನ್ನೆಲ್ಲ ಕೊಡುವ ಜಾಗ ಎಷ್ಟು?

ಲೋಕದ ಬೆಳೆ ಕೊಡುವ ನೆಲ, ಕಾಡು, ಮೀನಿನ ಕಡಲು ಎಲ್ಲವನ್ನೂ ಸಮನಾಗಿ ಹಂಚಿದರೆ ಒಬ್ಬರ ಪಾಲಿಗೆ 4 ಎಕರೆಯ ಹತ್ತಿರ ಬರುತ್ತದೆ. ಭಾರತದವರ ಸರಾಸರಿ ಬಳಕೆ ಅದಕ್ಕಿಂತ ಕಡಿಮೆ. ಅಮೆರಿಕದವರದ್ದು ಆ ಸಮಪಾಲಿನ 4 ಪಟ್ಟಿಗಿಂತ ಜಾಸ್ತಿ. ಹಿಂದಿನ ವರ್ಷದ ಆ ಹುಡುಗಿಗೂ ಇದನ್ನು ಆಮೇಲೆ ಕರೆದು ಹೇಳಿದೆ. ಮೊದಲೇ ಹೇಳಬೇಕಿತ್ತು.

ಇಳಿಯುವಾಗ ಒಂದು ಮನೆಯ ಸುರಂಗ ನೋಡಿದೆವು. ಒಳಗೆ ಯಾರನ್ನೂ ಬಿಡಲಿಲ್ಲ, ಬಾಯಿಯಲ್ಲಿ ನಿಂತು ಟಾರ್ಚ್ ಹಾಕಿದೆವು ಅಷ್ಟೇ. ನೀರಿಗಾಗಿ ಗುಡ್ಡವನ್ನು ಅಡ್ಡಕ್ಕೆ ಕೊರೆದ ಒಬ್ಬಾಳು ಅಗಲದ ದಾರಿ. ಅಗೆಯುವಾಗ ಒಳಗೆ ಮೊಂಬತ್ತಿ ಹಚ್ಚಿಡುತ್ತಿದ್ದರು, ಅದು ನಂದಿದರೆ ಗಾಳಿ ಸಾಲದು ಅಂತ ಹೊರಗೆ ಬರುತ್ತಿದ್ದರು. ನೀರು ತಾನಾಗಿ ಇಳಿದು ತೊಟ್ಟಿಗೆ ಬೀಳುತ್ತಿತ್ತು. ಪಕ್ಕದ ತೋಟದಲ್ಲಿ ಬೋರ್‌ವೆಲ್ ಪಂಪ್ ಓಡುತ್ತಿತ್ತು. 1 ಎಚ್‌ಪಿ ಪಂಪ್ ಒಂದು ಗಂಟೆ ಓಡಿದರೆ ಮುಕ್ಕಾಲು ಯೂನಿಟ್ ಕರೆಂಟು, ಅದರ ಹಿಂದೆ ಸುಮಾರು ಅರ್ಧ ಕಿಲೋ ಕಾರ್ಬನ್ ಡೈಆಕ್ಸೈಡ್. ಆ ಹೊಗೆಯನ್ನು ಹೀರುವುದಕ್ಕೂ ಕಾಡು ಬೇಕು. ಲೋಕದ ಹೆಜ್ಜೆಗುರುತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಹೀಗೆ ಹೊಗೆ ಹೀರಲು ಬೇಕಾದ ಕಾಡಿನದ್ದೇ. ಎರಡೂ ನೀರು ಕುಡಿದು ನೋಡಿದ ಮಕ್ಕಳು ಸುರಂಗದ್ದೇ ರುಚಿ ಅಂದರು.

ಶಾಲೆಗೆ ಬಂದ ಮೇಲೆ ಮಧ್ಯಾಹ್ನದ ಊಟದಲ್ಲಿ ಉಳಿದ ಅನ್ನವನ್ನು ತೂಗೋಣ ಅಂತ ಅವರೇ ಹೊರಟರು. ಎರಡು ವಾರ ತೂಗಿದರು. ದಿನಕ್ಕೆ ಸುಮಾರು 3 ಕಿಲೋ ಅನ್ನ, ಅಂದರೆ ಹತ್ತಿರ ಹತ್ತಿರ 1 ಕಿಲೋ ಅಕ್ಕಿ. 200 ದಿನಕ್ಕೆ ಲೆಕ್ಕ ಹಾಕಿದರೆ 16 ಸೆಂಟ್ ಗದ್ದೆ! ಅಂಗಳದಲ್ಲಿ ಅದೇ ಬಾವಿಹಗ್ಗ ಹಾಸಿ ಚಿಕ್ಕ ತರಗತಿಯವರಿಗೆಲ್ಲ ತೋರಿಸಿದರು. ಬಡಿಸುವ ಅಕ್ಕನೂ ಬಂದು ನೋಡಿದರು. ಮರುದಿನದಿಂದ ಅವರು ಅನ್ನದ ಸೌಟು ಎತ್ತುವ ಮೊದಲು ಒಬ್ಬೊಬ್ಬ ಮಗುವನ್ನೂ "ಎಷ್ಟು ಹಾಕಲಿ?" ಅಂತ ಕೇಳತೊಡಗಿದರು.